ಹನ್ನೆರಡನೇ ಕುರ್ಚಿಯ ಗಿಡ್ಡ ಕಾಲು

ಮಾನ್ಯ ಪರೀಕ್ಷಾ ಕುಲಸಚಿವರೇ,

ನನ್ನ ಮೊಮ್ಮಗಳನ್ನು ನೀವು ಫೇಲು ಮಾಡಿದ್ದೀರಿ. ಸಮಕಾಲೀನ ಕಲೆಯ ಇತಿಹಾಸದ ಎಂ.ಎ.ಗಾಗಿ ಅವಳು ವರ್ಷವಿಡೀ ಕೂತು ಬರೆದ ಪ್ರಬಂಧವನ್ನು ‘ಆಕರ ವಿಶ್ವಾಸಾರ್ಹವಲ್ಲ’ ಎಂದು ತಳ್ಳಿಹಾಕಿ ಕೆಳಗೆ ಮೊಹರು ಒತ್ತಿದ್ದೀರಿ. ಆ ವಿಶ್ವಾಸಾರ್ಹವಲ್ಲದ ಆಕರ ನಾನೇ. ಬಡಗಿ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು. ನಿಮಗೆ ಕೊಟ್ಟ ಮೂರು ಅರ್ಜಿಗಳಿಗೆ ಉತ್ತರವಿಲ್ಲ. ಹಾಗಾಗಿ ನಾಲ್ಕನೆಯದನ್ನು ಊರಿಗೆಲ್ಲ ಕಾಣುವಂತೆ ಪತ್ರಿಕೆಗೆ ಕೊಟ್ಟಿದ್ದೇನೆ.

ನಿಮ್ಮ ವಿಶ್ವವಿದ್ಯಾಲಯದ ಗ್ಯಾಲರಿಯಲ್ಲಿ ಒಬ್ಬ ಕಲಾವಿದೆಯ ಕೃತಿಯಾಗಿ ಹನ್ನೆರಡು ಮರದ ಕುರ್ಚಿಗಳು ದುಂಡಗೆ ನಿಂತಿವೆ. ಸುತ್ತ ಹಗ್ಗ, ಮುಟ್ಟಬೇಡಿ ಎಂಬ ಬೋರ್ಡು. ಹನ್ನೆರಡನೆಯ ಕುರ್ಚಿಯ ಒಂದು ಕಾಲು ಬೆರಳಗಲ ಗಿಡ್ಡ. ವಿಭಾಗದ ಮುಖ್ಯಸ್ಥರ ಪಠ್ಯಪುಸ್ತಕದಲ್ಲಿ ಆ ಕಾಲಿಗೆ ಒಂಬತ್ತು ಪುಟ ಮೀಸಲು. ಅದು ‘ಯುಗದ ಅಭದ್ರತೆಯ ಪ್ರಜ್ಞಾಪೂರ್ವಕ ರೂಪಕ’ವಂತೆ. ಕಲಾವಿದೆ ತಿಂಗಳುಗಟ್ಟಲೆ ಚಿಂತಿಸಿ ಆ ಅಳತೆ ಗೊತ್ತುಮಾಡಿದರಂತೆ.

ಸ್ವಾಮಿ, ಅದು ನನ್ನ ತಪ್ಪು. ಕಲಾವಿದೆ ಹೇಳಿದಂತೆ ಆ ಹನ್ನೆರಡೂ ಕುರ್ಚಿ ಮಾಡಿಕೊಟ್ಟವನು ನಾನು. ಕುರ್ಚಿ ಅಲುಗುತ್ತದೆಯೇ ಎಂದು ನೋಡಲು ನಮ್ಮಲ್ಲಿ ಒಂದು ಮಟ್ಟಸವಾದ ಹಲಗೆ ಇರುತ್ತದೆ. ಅದರ ಮೇಲಿಟ್ಟೇ ಕಾಲು ಸರಿಮಾಡಬೇಕು. ಅವತ್ತು ಆ ಹಲಗೆಯ ಮೇಲೆ ಹನ್ನೊಂದನೆಯ ಕುರ್ಚಿ ಹಸಿ ವಾರ್ನಿಷ್ ಹೊದ್ದು ಕೂತಿತ್ತು. ಹೊರಗೆ ಕುರ್ಚಿ ಒಯ್ಯಲು ಬಂದ ಗಾಡಿಯವನು ಹಾರ್ನ್ ಹೊಡೆಯುತ್ತಿದ್ದ. ನಾನು ಹನ್ನೆರಡನೆಯದನ್ನು ನೆಲದ ಮೇಲೇ ಇಟ್ಟೆ, ಅಲುಗಿತು, ಉದ್ದ ಕಂಡ ಕಾಲನ್ನು ಕೊಯ್ದೆ. ಆ ಕಾಲಿನ ಅಡಿಯ ಹಾಸುಗಲ್ಲು ಬೆರಳಗಲ ಮೇಲೆದ್ದಿದ್ದು ಕೊಯ್ದ ಮೇಲೆ ಕಂಡಿತು. ಮೂವತ್ತು ವರ್ಷ ಗರಗಸ ಹಿಡಿದವನು ಮಾಡುವ ಕೆಲಸವೇ ಇದು? ನಾಚಿಕೆಯಿಂದ ಭೂಮಿಗಿಳಿದು ಹೋದೆ.

ಕಲಾವಿದೆ ಬಂದರು, ಕೂತರು, ಹಿಂದೆ ಮುಂದೆ ತೂಗಿದರು. ಆಮೇಲೆ ಜೋರಾಗಿ ನಕ್ಕುಬಿಟ್ಟರು.

“ಬೇರೆ ಕಾಲು ಹಾಕಿಕೊಡ್ತೀನಮ್ಮ, ನಾಳೆ ಬನ್ನಿ” ಅಂದೆ.

“ಮುಟ್ಟೀರಾ ಜೋಕೆ, ಮೇಸ್ತ್ರಿ! ಹನ್ನೊಂದು ಕುರ್ಚಿ ಹೇಳಿದ ಹಾಗೆ ಕೇಳ್ತವೆ. ಇದೊಂದೇ ಎದುರು ಮಾತಾಡೋದು. ಇದು ಹೀಗೇ ಇರಲಿ.”

ಅಷ್ಟೇ. ಆ ತಾಯಿ ಈಗಿಲ್ಲ. ಆ ತಪ್ಪನ್ನು ನಾನು ಹೆಂಡತಿಗೂ ಹೇಳಿರಲಿಲ್ಲ. ಒಂದು ಸಂಜೆ ಮೊಮ್ಮಗಳು ಆ ಒಂಬತ್ತು ಪುಟಗಳನ್ನು ಗಟ್ಟಿಯಾಗಿ ಓದುತ್ತಿದ್ದಳು. ‘ಅಭದ್ರತೆ’ಗೆ ಬರುವಷ್ಟರಲ್ಲಿ ನನಗೆ ನಗು ತಡೆಯಲಾಗದೆ ಚಹಾ ನೆತ್ತಿಗೇರಿತು.

“ಯಾಕಜ್ಜ, ತಲೆ ಕೆಟ್ಟಿತಾ?”

“ನಂದಲ್ಲ ಕಣೆ, ನಿಮ್ಮ ಮೇಷ್ಟ್ರದ್ದು” ಎಂದು ಎಲ್ಲ ಹೇಳಿಬಿಟ್ಟೆ. ಅವಳು ನಗಲಿಲ್ಲ. ಎದ್ದುಹೋಗಿ ನೋಟ್‌ಬುಕ್ ತಂದಳು. ಪ್ರಬಂಧಕ್ಕೆ ಬೇಕೆಂದಳು, ನಾಚಿಕೆ ಬಿಟ್ಟು ಮತ್ತೆ ಮೊದಲಿಂದ ಹೇಳಿದೆ. ಅದಕ್ಕೆ ಸಿಕ್ಕ ಬಹುಮಾನ ನಿಮ್ಮ ಮೊಹರು.

ಅವಳು ಕಲಾವಿದೆಯನ್ನು ಕೀಳು ಮಾಡಿಲ್ಲ. ಬಡಗಿ ತಪ್ಪು ಮಾಡಿದ, ಕಲಾವಿದೆ ಅದನ್ನು ಕಂಡು ಆರಿಸಿಕೊಂಡರು, ಆ ಆಯ್ಕೆಯೇ ಕಲೆ ಎಂದು ಬರೆದಿದ್ದಾಳೆ. ಓದಿದ್ದೀರಾ? ಮೌಖಿಕ ಪರೀಕ್ಷೆಯಲ್ಲಿ ಮುಖ್ಯಸ್ಥರು ಅವಳಿಗೆ ಕೇಳಿದ್ದು ಒಂದೇ ಪ್ರಶ್ನೆ: “ನಿಮ್ಮಜ್ಜ ಏನು ಓದಿದಾರಮ್ಮಾ?” ಹುಡುಗಿ ತಲೆ ತಗ್ಗಿಸದೆ “ಮರ ಓದಿದಾರೆ ಸರ್” ಅಂದಳಂತೆ. ಅಲ್ಲಿಗೆ ಪರೀಕ್ಷೆ ಮುಗಿಯಿತು. ತಮ್ಮ ಪುಸ್ತಕ ತಪ್ಪೆನ್ನುವ ಪ್ರಬಂಧಕ್ಕೆ ಅವರೇ ಪರೀಕ್ಷಕರು! ಕಳ್ಳನ ಕೈಗೇ ಬೀಗದ ಕೈ ಕೊಟ್ಟು ಯಾವ ನಿಯಮ ಪಾಲಿಸಿದಿರಿ, ಮಾನ್ಯರೇ? ಸತ್ತವರ ಮನಸ್ಸಿನಲ್ಲಿ ಏನಿತ್ತೆಂದು ಅವರನ್ನು ನೋಡದವರು ಬರೆದರೆ ಅದು ಇತಿಹಾಸ; ಎದುರಿಗೆ ನಿಂತಿದ್ದವನು ಹೇಳಿದರೆ ಅದು ಮುದುಕನ ಹರಟೆಯೇ?

ನಿಮ್ಮ ಕಚೇರಿಗೆ ಬಂದಿದ್ದೆ. ಗುಮಾಸ್ತರು ತಲೆ ಎತ್ತದೆ “ಯಜಮಾನ್ರೇ, ಪ್ರಿಂಟಾಗಿರೋ ಸಾಕ್ಷಿ ಏನಾದ್ರೂ ಇದ್ರೆ ತನ್ನಿ” ಅಂದರು. ಅವರು ಕೂತ ಕುರ್ಚಿ ಕಿರುಗುಟ್ಟುತ್ತಿತ್ತು. ಸರಿಮಾಡಿಕೊಡಲೇ ಎಂದು ಕೇಳುವ ಮನಸ್ಸೂ ಬರಲಿಲ್ಲ.

ಸಾಕ್ಷಿ ನನ್ನ ಬಳಿ ಇದೆ, ಪ್ರಿಂಟಾಗಿಲ್ಲ. ಅವತ್ತು ಕೊಯ್ದ ಬಿಲ್ಲೆಯನ್ನು ನಾನು ಎಸೆಯಲಿಲ್ಲ. ಮರದ ಚೂರು ಎಸೆಯುವ ಬಡಗಿ ಎಲ್ಲಿದ್ದಾನೆ? ಇಷ್ಟು ವರ್ಷ ಅದು ನನ್ನ ಕೆಲಸದ ಮೇಜಿನ ಒಂದು ಕಾಲಿಗೆ ಆಸರೆಯಾಗಿತ್ತು. ಗರಗಸ ಮರದ ಒಂದು ಗಂಟಿನ ನಡುವೆಯೇ ಹಾದುಹೋಗಿದೆ. ಅರ್ಧ ಗಂಟು ಈ ಬಿಲ್ಲೆಯಲ್ಲಿದೆ, ಉಳಿದರ್ಧ ನಿಮ್ಮ ಹಗ್ಗದ ಒಳಗಿದೆ.

ನನ್ನ ಬೇಡಿಕೆ ಇಷ್ಟೇ. ಮುಖ್ಯಸ್ಥರನ್ನೂ ಬೇರೆ ಊರಿನ ಇಬ್ಬರು ಪರೀಕ್ಷಕರನ್ನೂ ಕರೆಸಿ. ಹಗ್ಗ ಬಿಚ್ಚಿ, ಆ ಕುರ್ಚಿಯನ್ನು ಮಗುಚಿ, ಬಿಲ್ಲೆಯನ್ನು ಕಾಲಿಗೆ ಹಿಡಿದು ನೋಡಿ. ಐದು ನಿಮಿಷದ ಕೆಲಸ. ಗಂಟು ಕೂಡದಿದ್ದರೆ ನಾನು ಸುಳ್ಳುಗಾರನೆಂದು ಇದೇ ಪತ್ರಿಕೆಯಲ್ಲಿ ಬರೆದುಕೊಡುತ್ತೇನೆ. ಕೂಡಿದರೆ ಆ ಇಬ್ಬರು ಪ್ರಬಂಧವನ್ನು ಮೊದಲ ಪುಟದಿಂದ ಓದಬೇಕು. ಕೃಪಾಂಕ ಬೇಡ, ಓದಬೇಕು. ಮೊಮ್ಮಗಳು ಪುಸ್ತಕಗಳನ್ನೆಲ್ಲ ರಟ್ಟಿನ ಡಬ್ಬಿಗೆ ತುಂಬಿ ಹಗ್ಗ ಕಟ್ಟಿದ್ದಾಳೆ. “ನೀನು ಹೇಳಬಾರದಿತ್ತು ಅಜ್ಜ” ಅಂದಳು ನಿನ್ನೆ.

ಆ ಮಾತನ್ನು ಅವಳು ಹಿಂದಕ್ಕೆ ತೆಗೆದುಕೊಳ್ಳುವಂತೆ ಮಾಡುವುದು ಈಗ ನಿಮ್ಮ ಕೈಯಲ್ಲಿದೆ. ಬಿಲ್ಲೆಯನ್ನು ತೆಗೆದು ಜೇಬಿನಲ್ಲಿಟ್ಟುಕೊಂಡಿದ್ದೇನೆ. ಮೇಜು ಅಲುಗುತ್ತಿದೆ, ಈ ಪತ್ರದ ಅಕ್ಷರ ಸೊಟ್ಟಗಿದ್ದರೆ ಅದಕ್ಕೇ.

ಇಂತಿ,
ಒಂಬತ್ತು ಪುಟದ ತಪ್ಪು ಮಾಡಿ, ಅದನ್ನು ಒಪ್ಪಿಕೊಳ್ಳಲೂ ಅರ್ಹತೆ ಸಾಲದ ಬಡಗಿ