ಕರಿಬಟ್ಟೆಯ ಮನೆಯಲ್ಲಿ ಫೈನಲ್

ಬುಧವಾರ, ಜೂನ್ ೧೧, ೨೦೨೫. ಸಂಜೆ ಐದೂವರೆ

ಬಾಗಿಲು ಹಾಕಿ ಆಯಿತು. ಹೊತ್ತು ಮುಳುಗುವ ಮೊದಲೇ ಒಳಗಿರಬೇಕು — ಇದ್ದೇನೆ. ಬೆಳಿಗ್ಗೆ ನಲ್ಲಿಯಿಂದ ನೀರು ತಂದೆ. ಕುಟ್ಟಿದ ಮುಸುಕಿನ ಜೋಳ, ಬೀನ್ಸ್ ಕಾಳು ಒಲೆಯ ಮೇಲಿಟ್ಟೆ, ಬೇಯಲು ಮಧ್ಯಾಹ್ನವಾಯಿತು. ಕೋಳಿಗೂಡಿನ ತಗಡು ಗಾಳಿಗೆ ಎದ್ದು ಕೂತಿತ್ತು, ಕಲ್ಲು ಹೇರಿದೆ. ಕರಿಬಟ್ಟೆ ಒಗೆಯಲಿಲ್ಲ. ಈ ಜೂನ್ ಚಳಿಗೆ ಒಣಗುವುದಿಲ್ಲ, ಇರುವುದು ಎರಡೇ ಜೊತೆ.

ರೇಡಿಯೋದಲ್ಲಿ ಮ್ತಾತಾ ಕಡೆಯ ಪ್ರವಾಹದ ಸುದ್ದಿಯೇ. ಇನ್ನೂ ಹೆಣ ಹುಡುಕುತ್ತಿದ್ದಾರೆ. ಸಣ್ಣಗೆ ಹಾಕಿ ಕೇಳಿದೆ. ಆರಿಸಿದೆ.

ಇವತ್ತು ಲಾರ್ಡ್ಸ್‌ನಲ್ಲಿ ಫೈನಲ್ ಶುರು. ಟೆಸ್ಟ್ ಚಾಂಪಿಯನ್‌ಶಿಪ್. ನಮ್ಮವರ ಎದುರು ಆಸ್ಟ್ರೇಲಿಯಾ. ಟಿವಿ ಮೂಲೆಯಲ್ಲೇ ಇದೆ, ಮೇಲೆ ಬಿಳಿ ಚಾದರ. ಮಾರ್ಚ್‌ನಲ್ಲಿ ಮ್ಜಿಮಾಸಿ ತೀರಿಹೋದ ದಿನ ದಬಾವೊ ಹೊದಿಸಿದ್ದು. ಇಲ್ಲಿ ಗಂಡನ ಹೆಸರು ಹಿಡಿದೇ ಬರೆಯುತ್ತೇನೆ, ಓದುವವರು ಯಾರೂ ಇಲ್ಲ. ದಬಾವೊ ಮ್ಜಿಮಾಸಿಯ ಸೋದರತ್ತೆ. ಮನೆತನದಲ್ಲಿ ಅವರ ಮಾತೇ ಮಾತು. ಬೇರೆ ಮನೆಗಳಲ್ಲಿ ಮಣ್ಣಾದ ಮೇಲೆ ಚಾದರ ತೆಗೆಯುತ್ತಾರೆ. ನಮ್ಮಲ್ಲಿ ಹಾಗಿಲ್ಲವಂತೆ. ನನ್ನ ಮೈಮೇಲಿನ ಕರಿಬಟ್ಟೆ ಇಳಿಯುವವರೆಗೆ ಮನೆಯಲ್ಲಿ ಸದ್ದು ಕೂಡದು.

ಡಿಶ್‌ಗೆ ಜೂನ್ ಕೊನೆಯವರೆಗೂ ಕಟ್ಟಿಟ್ಟು ಹೋಗಿದ್ದಾರೆ ಮ್ಜಿಮಾಸಿ. ಈ ಮ್ಯಾಚಿಗೆಂದೇ.

ದೊಡ್ಡ ಮ್ಯಾಚುಗಳನ್ನು ಮಾರ್ನಿಂಗ್ ಸ್ಟಾರ್ ಕ್ರಿಕೆಟ್ ಕ್ಲಬ್ಬಿನವರು ಇಲ್ಲೇ ಕೂತು ನೋಡುತ್ತಿದ್ದರು. ಬಾಗಿಲು ಹಾಕುವ ಮೊದಲು ಕ್ಲಬ್ಬಿನ ಅಧ್ಯಕ್ಷ ಲಿಜೋ ಬೇಲಿಯಾಚೆ ನಿಂತು ನನ್ನ ತವರಿನ ಕುಲದ ಹೆಸರು ಹಿಡಿದು ಕರೆದ.

"ಮಾಮ್‌ಟೋಲೊ, ನೋಡ್ತಾ ಇದ್ದೀರಾ?"

"ಏನನ್ನ? ಚಾದರಾನಾ?"

ನಕ್ಕುಬಿಟ್ಟ. ಆಮೇಲೆ ನೆನಪಾಗಿ ಟೋಪಿ ತೆಗೆದ. "ಇನ್ನೂರ ಹನ್ನೆರಡಕ್ಕೆ ಅವರನ್ನ ಉರುಳಿಸಿದ್ದೀವಿ. ಬಾರ್‌ನಲ್ಲಿ ನೋಡೋಣ ಅಂದ್ರೆ ಫುಟ್‌ಬಾಲ್ ಹಾಕ್ಕೊಂಡು ಕೂತಿದ್ದಾರೆ. ಬಾಯಿ ಮಾಡಿದ್ರೆ ಹೊರಗೆ ಹಾಕ್ತೀವಿ ಅಂದ್ರು."

"ಸ್ಕೋರ್ ಕಳಿಸು ಫೋನಿಗೆ," ಎಂದೆ. ಅದಕ್ಕೇನೂ ಸದ್ದಿಲ್ಲವಲ್ಲ.


ಗುರುವಾರ, ೧೨

ರಾತ್ರಿ ಬಂದ ಸ್ಕೋರ್ — ನಮ್ಮವರದು ನಲವತ್ತಮೂರಕ್ಕೆ ನಾಲ್ಕು. ಇವತ್ತು ನೂರ ಮೂವತ್ತೆಂಟಕ್ಕೆ ಎಲ್ಲ ಮುಗಿಯಿತು. ಸರಿ. ಗೊತ್ತಿದ್ದದ್ದೇ.

ಮ್ಜಿಮಾಸಿ ಇದ್ದಿದ್ದರೆ ಈ ಹೊತ್ತಿಗೆ ಹೊರಗೆ ಹೋಗಿ ಸೌದೆ ಒಡೆಯುತ್ತಿದ್ದರು. ತೊಂಬತ್ತೊಂಬತ್ತರ ಸೆಮಿಫೈನಲ್‌ನಲ್ಲಿ ಒಂದೇ ರನ್ನು ಬೇಕಿದ್ದಾಗ ನಮ್ಮ ಬ್ಯಾಟ್ಸ್‌ಮನ್‌ಗಳಿಬ್ಬರೂ ಒಂದೇ ಕಡೆ ನಿಂತಾಗ ಹಾಗೇ ಮಾಡಿದ್ದರು. ಹೋದ ವರ್ಷ ಬಾರ್ಬಡೋಸಿನಲ್ಲಿ ಮೂವತ್ತು ಬಾಲಿಗೆ ಮೂವತ್ತು ರನ್ನು ಬೇಕಿತ್ತು, ಆರು ವಿಕೆಟ್ ಕೈಯಲ್ಲಿತ್ತು, ಆದರೂ ಸೋತೆವು. ಅವತ್ತು ಸೌದೆಯನ್ನೂ ಒಡೆಯಲಿಲ್ಲ. ಊಟ ಬಿಟ್ಟು ಗೋಡೆ ಕಡೆ ತಿರುಗಿ ಮಲಗಿದರು. ಕಪ್ ಅಂತ ಗೆದ್ದದ್ದು ತೊಂಬತ್ತೆಂಟರಲ್ಲಿ, ಢಾಕಾದಲ್ಲಿ. ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ನಾನು ತೆಗೆದುಕೊಳ್ಳುತ್ತೇನೆ.

ಎಲ್ಲರೂ ಅದು ಮ್ಜಿಮಾಸಿಯ ಹುಚ್ಚು ಎನ್ನುತ್ತಾರೆ. ಹುಡುಗಿಯಾಗಿದ್ದಾಗ ಅಣ್ಣಂದಿರಿಗೆ ಬೌಲ್ ಮಾಡುತ್ತಿದ್ದವಳು ನಾನು. ಎಡಗೈ. ದೊಡ್ಡಣ್ಣನ ಮುಂದಿನ ಹಲ್ಲು ಹೋದದ್ದು ನನ್ನ ಬಾಲಿಗೆ. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಕ್ಲಬ್ಬಿಗೆ ಬ್ರೆಡ್ಡು ಬೇಯಿಸಿಕೊಟ್ಟೆ, ಅಷ್ಟೇ.

ಮಧ್ಯಾಹ್ನ ದಬಾವೊ ಬಂದಿದ್ದರು. ನಾನು ಕರಿಬಟ್ಟೆಯವಳ ಜಾಗದಲ್ಲಿ, ಬಾಗಿಲ ಹಿಂದೆ, ಚಾಪೆಯ ಮೇಲೆ. ಅವರು ಕುರ್ಚಿಯಲ್ಲಿ.

"ಕ್ಲಬ್ಬಿನವನ ಜೊತೆ ಬೇಲಿ ಹತ್ತಿರ ನಗ್ತಾ ನಿಂತಿದ್ದೆ ಅಂದ್ರು."

"ನಕ್ಕಿದ್ದು ಅವನು, ದಬಾವೊ."

"ನಗಿಸಿದ್ದು ಯಾರು?" ಚಹಾ ಊದಿದರು. "ಮ್ತಾತಾದಲ್ಲಿ ಮಕ್ಕಳು ಬಸ್ಸಿನ ಸಮೇತ ಕೊಚ್ಚಿಕೊಂಡು ಹೋಗಿವೆ. ನಾಡೆಲ್ಲ ಹೆಣ ತೊಳೀತಿದೆ. ನಿನಗೆ ಆಟ."

ಚಾಪೆಯ ಅಂಚು ಸರಿಪಡಿಸಿದೆ.

"ಆರು ತಿಂಗಳು ಅಂತ ಒಪ್ಪಿದ್ದೇ ನಾನು ದೊಡ್ಡ ಮನಸ್ಸು ಮಾಡಿ. ನನ್ನ ಕಾಲದಲ್ಲಿ ವರ್ಷ. ಒಂದು ತಪ್ಪು ಆದ್ರೂ ಮೊದಲಿಂದ ಶುರು ಮಾಡ್ತೀವಿ. ಅವತ್ತಿಂದ ಆರು ತಿಂಗಳು. ತಿಳೀತಾ?"

ತಿಳಿಯಿತು. ಕರಿಬಟ್ಟೆ ಸೆಪ್ಟೆಂಬರ್‌ನಲ್ಲಿ ಇಳಿದರೆ ಶಾಲೆಯ ಅಡುಗೆಮನೆಯಲ್ಲಿ ನನ್ನ ಜಾಗ ಇರುತ್ತದೆ. ಹೆಡ್‌ಮಾಸ್ಟರು ಅಕ್ಟೋಬರ್‌ವರೆಗೆ ಕಾಯುತ್ತೇನೆ ಎಂದಿದ್ದಾರೆ. ಕರಿಬಟ್ಟೆಯಲ್ಲಿ ಮಕ್ಕಳ ಅನ್ನದ ಹತ್ತಿರ ಬಿಡುವುದಿಲ್ಲ, ಮಕ್ಕಳ ಮನೆಯವರು ಒಪ್ಪುವುದಿಲ್ಲ. ಡಿಸೆಂಬರ್ ಎಂದರೆ ಆ ಕೆಲಸ ಬೇರೆಯವಳದು.

ರಾತ್ರಿ ಲಿಜೋ ಕಳಿಸಿದ — ಆಸ್ಟ್ರೇಲಿಯಾ ನೂರ ನಲವತ್ತನಾಲ್ಕಕ್ಕೆ ಎಂಟು. ನಂಬಬೇಡ, ಎಂದುಕೊಂಡೆ. ಮ್ಜಿಮಾಸಿಯ ಮಾತು ಅದು. ನಿದ್ದೆ ಬರಲಿಲ್ಲ.


ಶುಕ್ರವಾರ, ೧೩. ಬೆಳಿಗ್ಗೆ ಹನ್ನೊಂದೂ ಕಾಲು

ಚಾದರ ತೆಗೆದೆ.

ಮಡಿಸಿ ಮಂಚದ ಮೇಲೆ ಇಟ್ಟೆ. ಸೌಂಡ್ ಪೂರ್ತಿ ಇಳಿಸಿದೆ. ಸದ್ದು ಕೂಡದು ಎಂದಿದ್ದಾರೆ, ಸದ್ದಿಲ್ಲ.


ಶುಕ್ರವಾರ, ರಾತ್ರಿ

ಇನ್ನೂರ ಏಳಕ್ಕೆ ಅವರ ಆಟ ಮುಗಿಯಿತು. ನಮಗೆ ಬೇಕಾದದ್ದು ಇನ್ನೂರ ಎಂಬತ್ತೆರಡು. ಎರಡು ವಿಕೆಟ್ ಹೋದವು. ಆಮೇಲೆ ಕ್ಯಾಪ್ಟನ್ ಬಂದ.

ಮಧ್ಯಾಹ್ನ ಕಿಟಕಿಯಲ್ಲಿ ನೆರಳು. ಜೋಲಾ ತಾತ, ಕ್ಲಬ್ಬಿನಲ್ಲಿ ಎಲ್ಲರಿಗಿಂತ ಹಿರಿಯರು, ಗಾಜಿಗೆ ಹಣೆ ಒತ್ತಿ ನಿಂತಿದ್ದರು. ಕರಿಬಟ್ಟೆಯವಳ ಮನೆಗೆ ಗಂಡಸರು ಬರುವಂತಿಲ್ಲ. ಕಿಟಕಿ ಅರ್ಧ ತೆರೆದೆ.

"ಸೌಂಡ್ ಇಲ್ವೇನಮ್ಮಾ?"

"ಇಲ್ಲ ತಾತ."

"ಒಳ್ಳೇದೇ ಆಯ್ತು. ಆ ಇಂಗ್ಲಿಷಿನವರು ಬಹಳ ಮಾತಾಡ್ತಾರೆ."

ಚಹಾ ಕೊಟ್ಟೆ, ಕಿಟಕಿಯಿಂದ. ಕ್ಯಾಪ್ಟನ್ನಿನ ಕಾಲಿನ ನರ ಎಳೆದುಕೊಂಡಿತು. ಒಂದೊಂದು ರನ್ನಿಗೂ ಕುಂಟಿದ. ಕೂರಿಸಿಬಿಡುತ್ತಾರೆ ಎಂದುಕೊಂಡೆ. ಕೂರಲಿಲ್ಲ. ಗಿಡ್ಡ ಆಳು. ಎಲ್ಲರೂ ಅವನ ಎತ್ತರದ ಮೇಲೆ ಜೋಕು ಹೇಳಿದವರೇ.

"ಎಪ್ಪತ್ತೊಂಬತ್ತರಲ್ಲಿ," ಜೋಲಾ ತಾತ ಕಪ್ಪಿನೊಳಗೆ ನೋಡುತ್ತ ಹೇಳಿದರು, "ನಾನು ಗಣಿಯ ಹಾಸ್ಟೆಲ್ಲಿನಲ್ಲಿದ್ದೆ. ಇದೇ ಲಾರ್ಡ್ಸ್. ವೆಸ್ಟ್ ಇಂಡೀಸ್ ಕಪ್ ಎತ್ತಿತು. ಒಬ್ಬನ ಹತ್ರ ಸಣ್ಣ ರೇಡಿಯೋ, ಕಂಬಳಿ ಹೊದ್ದು ಎಂಟು ಜನ ಕೇಳಿದ್ವಿ. ಕಪ್ಪು ಮನುಷ್ಯರು ಇಂಗ್ಲೆಂಡನ್ನ ಅದರ ಮನೇಲೇ ಬಡೀತಾರೆ ಅಂದ್ರೆ… ಹಾಸಿಗೆ ಮುರಿಯೋವರೆಗೆ ಕುಣಿದ್ವಿ. ಬೇರೆಯವರ ಮದುವೇಲಿ ಕುಣಿದ ಹಾಗೆ."

"ನಮ್ಮ ತಂಡ ಆಗ ಎಲ್ಲಿತ್ತು?"

"ನಮ್ಮದು ಅಂತ ಒಂದಿದ್ರೆ ತಾನೇ ಎಲ್ಲೋ ಇರೋದು?"

ಹೊತ್ತು ಮುಳುಗುವಾಗ ಅವರು ಹೊರಟರು. ಪರದೆ ಎಳೆಯಬೇಕಿತ್ತು. ಎಳೆಯಲಿಲ್ಲ. ದಿನ ಮುಗಿದಾಗ ಇನ್ನೂರ ಹದಿಮೂರಕ್ಕೆ ಎರಡು. ಇನ್ನು ಅರವತ್ತೊಂಬತ್ತು.

ಟಿವಿ ಆರಿಸಿ ಕತ್ತಲಲ್ಲಿ ಕೂತೆ. ಚಾದರ ಮತ್ತೆ ಹೊದಿಸಲಿಲ್ಲ.


ಶನಿವಾರ, ೧೪. ಮಧ್ಯಾಹ್ನ ಎರಡೂವರೆ

ಗೇಟು ಹಾಕಿ ಬಂದೆ. ಈಗಲೇ ಬರೆದಿಡುತ್ತೇನೆ.

ಬೆಳಿಗ್ಗೆ ಹನ್ನೊಂದಕ್ಕೇ ಅಂಗಳ ತುಂಬಿತ್ತು. ಜೋಲಾ ತಾತ ಎಲ್ಲರಿಗೂ ಹೇಳಿದ್ದರು. ದಬಾವೊ ಕೆಳಗಿನ ಬೀದಿಯ ಒಂದು ಅಂತ್ಯಕ್ರಿಯೆಗೆ ಹೋಗಿದ್ದರು, ಊರಿನ ಹೆಂಗಸರೆಲ್ಲ ಅಲ್ಲೇ. ಇಲ್ಲಿ ಬರೀ ಗಂಡಸರು. ಟೋಪಿ ತೆಗೆದು, ಚರ್ಚಿಗೆ ಬಂದವರ ಹಾಗೆ ಕಿಟಕಿಯ ಹೊರಗೆ ಮೂರು ಸಾಲು ನಿಂತರು. ಹಿಂದಿನವರಿಗೆ ಕಾಣಲೆಂದು ಮುಂದಿನವರು ಮಂಡಿಯೂರಿದರು. ಲಿಜೋ ತುಟಿಯ ಮೇಲೆ ಬೆರಳಿಟ್ಟು ಒಬ್ಬೊಬ್ಬರನ್ನೂ ನೋಡಿದ. ಟಿವಿಯನ್ನು ಕಿಟಕಿಗೆ ತಿರುಗಿಸಿದೆ. ನಾನು ಪಕ್ಕದಲ್ಲಿ ಚಾಪೆಯ ಮೇಲೆ ಕೂತೆ. ಬಾಗಿಲ ಹಿಂದಿನಿಂದ ಟಿವಿ ಕಾಣುವುದಿಲ್ಲ.

ಕ್ಯಾಪ್ಟನ್ ಬೇಗ ಔಟಾದ. ಒಬ್ಬ ಮುಖ ಮುಚ್ಚಿಕೊಂಡ. ಉಸಿರು ಬಿಟ್ಟದ್ದು ಕೇಳಿಸಿತು, ಅಷ್ಟೇ. ಇನ್ನೊಂದು ವಿಕೆಟ್ ಹೋಯಿತು. ನೂರು ಹೊಡೆದಿದ್ದ ಓಪನರ್ ಕೊನೆಗೆ ಆರು ರನ್ನು ಇರುವಾಗ ಹೋದ. ಆಗ ಮಾತ್ರ ಹಿಂದಿನ ಸಾಲಿನಿಂದ ಒಬ್ಬ ಪಿಸುಗುಟ್ಟಿದ — "ನಮ್ಮ ಹಣೆಬರಹ."

"ಮುಚ್ಚು ಬಾಯಿ," ಜೋಲಾ ತಾತ ಅದಕ್ಕಿಂತ ಸಣ್ಣಗೆ.

ಕೊನೆಯ ಬಾಲು. ಹೊಡೆದ. ಗೆದ್ದೆವು.

ಇಷ್ಟು ಜನ ಗೆದ್ದು ಇಷ್ಟು ಸುಮ್ಮನಿದ್ದದ್ದನ್ನು ನಾನು ಎಂದೂ ಕಂಡಿಲ್ಲ. ಒಬ್ಬರನ್ನೊಬ್ಬರು ತಬ್ಬಿಕೊಂಡರು, ಬೆನ್ನು ಬಡಿಯಲಿಲ್ಲ. ಲಿಜೋ ಟೋಪಿಯನ್ನು ಬಾಯಿಗೆ ತುರುಕಿಕೊಂಡಿದ್ದ. ಜೋಲಾ ತಾತನ ಗಲ್ಲ ಒದ್ದೆ. ನನ್ನ ಮನೆಗೆ, ನನ್ನ ಕರಿಬಟ್ಟೆಗೆ ಮರ್ಯಾದೆ ಕೊಟ್ಟು ಅಷ್ಟೂ ಜನ ಬಾಯಿ ಕಟ್ಟಿ ನಿಂತಿದ್ದರು.

ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಇಷ್ಟು ವರ್ಷ ಕಾದದ್ದು ಹೀಗೆ ನುಂಗಿಕೊಳ್ಳಲಿಕ್ಕೇ?

ಎದ್ದು ನಿಂತೆ. ಕೇಕೆ ಹಾಕಿದೆ. ಮದುವಣಗಿತ್ತಿ ಬಂದಾಗ, ಹುಡುಗರು ದೀಕ್ಷೆ ಮುಗಿಸಿ ಗಂಡಸರಾಗಿ ಬೆಟ್ಟದಿಂದ ಇಳಿದಾಗ ಹೆಂಗಸರು ನಾಲಿಗೆ ಆಡಿಸಿ ಹಾಕುತ್ತೇವಲ್ಲ, ಅದೇ ಕೇಕೆ. ಉಸಿರು ಇರುವಷ್ಟೂ. ನಿಲ್ಲಿಸಿ, ಮತ್ತೊಮ್ಮೆ.

ಒಬ್ಬಳು ಹಾಕಿದರೆ ಉಳಿದವರು ಕೂಡಬೇಕು. ಅದು ರೂಢಿ. ಯಾರೂ ಕೂಡಲಿಲ್ಲ. ಗಂಡಸರಿಗೆ ಅದು ಬಾರದು. ಎಲ್ಲರೂ ನೆಲ ನೋಡಿದರು. ನಾಯಿ ಬೊಗಳಿತು. ಆಮೇಲೆ ಒಬ್ಬೊಬ್ಬರಾಗಿ ಗೇಟಿನಿಂದ ಹೋದರು.


ಭಾನುವಾರ, ೧೫. ಸಂಜೆ ಐದು

ಚರ್ಚಿಗೆ ಹೋಗಿದ್ದೆ, ಕೊನೆಯ ಬೆಂಚು. ದಬಾವೊ ತಿರುಗಿ ನೋಡಲಿಲ್ಲ. ನಿನ್ನೆ ಅಂತ್ಯಕ್ರಿಯೆಯ ಊಟಕ್ಕೆ ಕೂತಿದ್ದವರಿಗೆಲ್ಲ ಕೇಕೆ ಕೇಳಿಸಿತಂತೆ. ಬಾಯಿಗೆ ಹಾಕಿದ ಮಾಂಸ ಅಗಿಯುವುದನ್ನು ನಿಲ್ಲಿಸಿ ದಬಾವೊ ಕೇಳಿದರಂತೆ, "ಅದು ಯಾವ ಅಂಗಳದಿಂದ?" ಯಾವ ಅಂಗಳ ಎಂದು ಹೇಳಿದವರಿದ್ದರು. ಯಾರ ಬಾಯಿ ಎಂದು ಹೇಳಿದವರಿಲ್ಲ.

ನಾಳೆ ಮನೆತನದವರು ಸೇರುತ್ತಾರೆ ಎಂದು ಹೇಳಿಕಳಿಸಿದ್ದಾರೆ. ನನ್ನನ್ನು ಕೇಳುತ್ತಾರಂತೆ.

ಮೂರಕ್ಕೆ ಲಿಜೋ, ಜೋಲಾ ತಾತ ಬಂದರು. ಬೇಲಿಯಾಚೆಯೇ.

"ಮಾಮ್‌ಟೋಲೊ, ಎಲ್ಲ ಸರಿ ಮಾಡಿದ್ದೀನಿ," ಲಿಜೋ ಹೇಳಿದ. "ಅಂಗಳದಲ್ಲಿದ್ದೋರು ಎಲ್ಲರೂ ಒಂದೇ ಮಾತು ಹೇಳ್ತೀವಿ. ನನ್ನ ತಂಗಿ ನಮ್ಮನ್ನ ಊಟಕ್ಕೆ ಕರೆಯೋಕೆ ಬಂದಿದ್ದಳು. ಅವಳೇ ಹಾಕಿದ್ದು. ಅವಳೂ ಒಪ್ಪಿದ್ದಾಳೆ. ಬೈಸಿಕೊಳ್ತಾಳೆ, ಅಷ್ಟೇ."

"ನಿನ್ನ ತಂಗಿ ಕ್ರಿಕೆಟ್ ನೋಡ್ತಾಳಾ?"

"ಇಲ್ಲ. ಅವಳಿಗೆ ಅದು ಐದು ದಿನದ ಜ್ವರ ಅಂತೆ."

"ಹಾಗಿದ್ರೆ ಆ ಕೇಕೆ ಅವಳಿಗೆ ಕೊಡಲ್ಲ."

"ಅಕ್ಕಾ, ಕೆಲಸ ಹೋಗುತ್ತೆ. ಡಿಸೆಂಬರ್‌ವರೆಗೆ ಕರಿಬಟ್ಟೆ. ಯೋಚನೆ ಮಾಡಿ."

ಯೋಚನೆ ಮಾಡಿದ್ದೇನೆ. ನಿನ್ನೆಯಿಂದ ಬೇರೇನೂ ಮಾಡಿಲ್ಲ. ಶಾಲೆಯ ದೊಡ್ಡ ಪಾತ್ರೆ, ಸಾಲಾಗಿ ತಟ್ಟೆ ಹಿಡಿದು ಬರುವ ಮಕ್ಕಳು. ಅವರ ಗದ್ದಲ ಬೇಕು ನನಗೆ. ಈ ಮನೆಯಲ್ಲಿ ಗಡಿಯಾರ ಬಿಟ್ಟರೆ ಏನೂ ಮಾತಾಡುವುದಿಲ್ಲ.

ಜೋಲಾ ತಾತ ಬೇಲಿಯ ಕಂಬ ಹಿಡಿದುಕೊಂಡರು. "ತಂಗಿ ಬೇಡ ಅಂದ್ರೆ ಬಿಡು. ಮ್ಜಿಮಾಸಿ ಪರವಾಗಿ ಹಾಕಿದೆ ಅಂತ ಹೇಳು. ಅವನು ಕಾದು ಕಾದು ಹೋದ, ಅವನ ಬಾಯಿ ಆದೆ ಅಂತ ಹೇಳು. ನಿನ್ನ ದಬಾವೊ ಎತ್ತಿ ಸಾಕಿದ ಹುಡುಗ ಅವನು. ಕರಗ್ತಾಳೆ."

ಕರಗುತ್ತಾರೆ. ನನಗೂ ಗೊತ್ತು. ಅಳುತ್ತಾರೆ ಕೂಡ. ಸೆಪ್ಟೆಂಬರ್‌ಗೇ ಬಟ್ಟೆ ಇಳಿಸುತ್ತಾರೆ.

ಆದರೆ ಅದು ಸುಳ್ಳು. ಆ ಗಳಿಗೆಯಲ್ಲಿ ಮ್ಜಿಮಾಸಿ ನನಗೆ ನೆನಪಿರಲಿಲ್ಲ. ಮಾರ್ಚ್‌ನಿಂದ ಒಂದು ಉಸಿರಿನಷ್ಟು ಹೊತ್ತೂ ಬಿಟ್ಟು ಹೋಗದವರು ಆ ಗಳಿಗೆಯಲ್ಲಿ ಇರಲಿಲ್ಲ. ಬಾಲು ಇತ್ತು, ಹುಲ್ಲಿತ್ತು, ಗೆದ್ದೆವು, ನಾನಿದ್ದೆ. ನೆನಪಾದದ್ದು ಎಲ್ಲರೂ ಗೇಟು ದಾಟಿದ ಮೇಲೆ. ಆಗ ನೆಲದ ಮೇಲೆ ಕೂತು ಅತ್ತೆ. ಅದು ಅವರದು, ಪೂರ್ತಿ ಅವರದು. ಕೇಕೆ ನನ್ನದು. ಎರಡನ್ನೂ ಕಲಸಿ ದಬಾವೊ ಮುಂದೆ ಇಡುವುದಿಲ್ಲ.

"ಏನು ಹೇಳ್ತೀಯ ಹಾಗಾದ್ರೆ?" ಜೋಲಾ ತಾತ ಕೇಳಿದರು.

"ನಾನೇ ಹಾಕಿದೆ, ನಾವು ಗೆದ್ದೆವು ಅಂತ ಹಾಕಿದೆ ಅಂತ."

"ಅಷ್ಟೇನಾ?"

"ಅಷ್ಟೇ ತಾತ."

ಲಿಜೋ ತಲೆ ಕೆರೆದುಕೊಂಡ. ಜೋಲಾ ತಾತ ಬೇಲಿಯ ಕಂಬದಿಂದ ಕೈ ತೆಗೆದರು. "ಎಡಗೈ ಬೌಲರು," ಎಂದರು ಲಿಜೋಗೆ, "ಇವರನ್ನ ತಿದ್ದೋಕಾಗಲ್ಲ." ಹೊರಟರು.

ಮೊದಲಿಂದ ಶುರು ಮಾಡಲಿ. ಡಿಸೆಂಬರ್ ಎಂದರೆ ಡಿಸೆಂಬರ್. ಕರಿಬಟ್ಟೆಯನ್ನು ಮ್ಜಿಮಾಸಿಗಾಗಿ ಉಟ್ಟಿದ್ದೇನೆ, ಇನ್ನಷ್ಟು ದಿನ ಉಡಲು ನನಗೇನೂ ಭಾರವಿಲ್ಲ. ಆದರೆ ತಪ್ಪಾಯಿತು ಎನ್ನುವುದಿಲ್ಲ. ಬಾಗಿಲ ಹಿಂದಿನಿಂದ ಹೇಳುವುದೂ ಇಲ್ಲ, ಎದುರಿಗೆ ಬಂದು ಹೇಳುತ್ತೇನೆ.

ಹೊತ್ತು ಮುಳುಗುತ್ತಿದೆ. ಬಾಗಿಲು ಹಾಕಬೇಕು. ನಾಳೆ ಹತ್ತಕ್ಕೆ ಬರುತ್ತಾರೆ. ಸೋಮವಾರ, ಸರ್ಕಾರಿ ರಜೆ. ಊರಿನವರೆಲ್ಲ ಮನೆಯಲ್ಲೇ ಇರುತ್ತಾರೆ.