ಉಜ್ಜಿದ ಹೆಸರು

ಓಂ ಶ್ರೀ ಗುರುಬಸವಲಿಂಗಾಯ ನಮಃ

ಅಂಕಲಗಿ
೧೪ ನವೆಂಬರ್ ೨೦೨೫, ಶುಕ್ರವಾರ

ನನ್ನ ಮುದ್ದಿನ ಸುಜಾತಾಗೆ ಅವ್ವನ ತುಂಬು ಮನಸ್ಸಿನ ಆಶೀರ್ವಾದಗಳು.

ನಾನು ಕ್ಷೇಮ. ಹುಕ್ಕೇರಿಯಲ್ಲಿ ನೀನೂ ಕ್ಷೇಮವೆಂದು ನಂಬಿದ್ದೇನೆ ಎಂದು ಬರೆಯಲು ಕೈ ಏಳುತ್ತಿಲ್ಲ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ಸುಳ್ಳು ಹೇಳಿ ಹೇಳಿ ಪಳಗಿಬಿಟ್ಟಿದ್ದೇನೆ. ಮೂವತ್ತು ವರ್ಷ ಅಂಗನವಾಡಿಯಲ್ಲಿ ಮಕ್ಕಳಿಗೆ ಅಕ್ಷರ ತಿದ್ದಿಸಿದ ಕೈ ಇದು, ಕಾಗದದ ಮೇಲೆ ಸುಳ್ಳು ಬರೆಯಲು ಇನ್ನೂ ಅಳುಕುತ್ತದೆ.

ಮಧ್ಯಾಹ್ನ ಊಟವಾಗಿ ಸ್ವಲ್ಪ ಕಣ್ಣು ಮುಚ್ಚಿದರೆ ಸಾಕು, ಒಂದೇ ಕನಸು. ಅಡುಗೆಮನೆಯ ತುಂಬ ಬೆಳ್ಳನೆಯ ಉಗಿ. ಸಾಲಾಗಿ ಜೋಡಿಸಿದ ಬಾಂಡೆಗಳು ತಮ್ಮ ಮೇಲೆ ಕೊರೆದ ಹೆಸರುಗಳನ್ನು ತಾವೇ ಮೆಲ್ಲಗೆ ಓದಿ ಹೇಳುತ್ತಿರುತ್ತವೆ. ನನ್ನ ತವರಿನ ಕೊಡ ಹೇಳುತ್ತದೆ, ನಿಮ್ಮಜ್ಜಿಯ ಚರಿಗೆ ಹೇಳುತ್ತದೆ. ನಿನ್ನ ಕುಕ್ಕರಿನ ಸರದಿ ಬಂದಾಗ ಅದು ಮಾತ್ರ ಬಾಯಿ ಬಿಡುವುದಿಲ್ಲ. ಉಗಿಯೊಳಗೆ ನೀನು ಅತ್ತ ತಿರುಗಿ ನಿಂತಿರುತ್ತೀಯ. ನಾನು ಕೂಗುತ್ತೇನೆ, ನೀನು ಮುಖ ತೋರಿಸುವುದಿಲ್ಲ. ಎಚ್ಚರವಾದಾಗ ಕಿಟಕಿಯಲ್ಲಿ ಬಿಸಿಲು ಹಾಗೇ ಬಿದ್ದಿರುತ್ತದೆ, ಹಾಲು ಮಾರುವವನು ಬಂದು ಹೋಗಿರುತ್ತಾನೆ.

ನಿನ್ನೆ ನಮ್ಮ ವಕೀಲೆ ನಂದಿನಿ ಮಾತಾಡಿದರು. ಒಡೆದ ಕುಕ್ಕರಿನ ಬಗ್ಗೆ ಪ್ರಯೋಗಾಲಯದ ವರದಿ ಬೆಳಗಾವಿಯ ಗ್ರಾಹಕರ ಆಯೋಗಕ್ಕೆ ತಲುಪಿದೆಯಂತೆ. ಮಂಗಳವಾರ ನಿನಗೂ ಒಂದು ಪ್ರತಿ ಸಿಗುತ್ತದೆ. ಅದಕ್ಕಿಂತ ಮೊದಲು ನನ್ನಿಂದ ಕೇಳು.

ಒತ್ತಡ ಹೆಚ್ಚಾದಾಗ ತಾನು ಕರಗಿ ಉಗಿಗೆ ದಾರಿ ಬಿಡಬೇಕಾದ ಮುಚ್ಚಳದ ವಾಲ್ವು ಕರಗಿಯೇ ಇಲ್ಲ. ಅದರ ಲೋಹವೇ ಖೊಟ್ಟಿ. ನೀನು ಬೇಳೆ ಹೆಚ್ಚು ಹಾಕಿರಲಿಲ್ಲ, ಸೀಟಿ ಮರೆತಿರಲಿಲ್ಲ. "ಬಳಸಿದವರ ಅಜಾಗರೂಕತೆ" ಎಂದು ಕಂಪನಿ ಬರೆದದ್ದೂ ಸುಳ್ಳು, "ಫೋನ್ ನೋಡ್ಕೋತ ನಿಂತಿದ್ಲರಿ" ಎಂದು ನಿನ್ನ ಅತ್ತೆ ಓಣಿಗೆಲ್ಲ ಸಾರಿದ್ದೂ ಸುಳ್ಳು. ಇಪ್ಪತ್ತೆರಡು ತಿಂಗಳಿಂದ ಸುಟ್ಟ ಕೆನ್ನೆಗೆ ಸೆರಗು ಎಳೆದುಕೊಂಡು ನೀನು ಕೇಳಿದ್ದು ಇದೊಂದೇ: "ತಪ್ಪ ನಂದಲ್ಲ ಅಂತ ಯಾರರ ಬರದ ಕೊಡ್ರಿ."

ಆದರೆ ವರದಿಯಲ್ಲಿ ಇನ್ನೊಂದು ಸಾಲಿದೆ. ಕುಕ್ಕರಿನ ಮೇಲೆ ಕೊರೆದ "ಕಾಶೆವ್ವ, ಅಂಕಲಗಿ" ಎಂಬ ನನ್ನ ಹೆಸರಿನಡಿ ಉಜ್ಜಿ ಅಳಿಸಿದ "ರಾಜೇಶ್ವರಿ, ಮೂಡಲಗಿ" ಎಂಬ ಹೆಸರು ಭೂತಗನ್ನಡಿಯಲ್ಲಿ ಕಂಡಿದೆ. ಅದರಡಿಯಲ್ಲಿ ಮತ್ತೊಂದು ಹೆಸರಿದೆ, ಓದಲಾರದಷ್ಟು ಸವೆದದ್ದು.

ಸುಜಾತಾ, "ನಮ್ಮವ್ವ ಆರಿಸಿ ತಂದದ್ದು" ಎಂದು ನೀನು ಎಲ್ಲರಿಗೂ ತೋರಿಸುತ್ತಿದ್ದ ಆ ಕುಕ್ಕರನ್ನು ನಿನ್ನ ಮದುವೆಗಾಗಿ ನಾನು ಅಂಗಡಿಯಿಂದ ತಂದದ್ದಲ್ಲ. ನಮ್ಮ ಹೊಸ ಮನೆಯ ಒಕ್ಕಲಿಗೆ, ಗೃಹಪ್ರವೇಶದ ದಿನ, ನಿನ್ನ ಸೋದರತ್ತೆ ರಾಜೇಶ್ವರಿ ಉಡುಗೊರೆಯಾಗಿ ಆಯಾರ ಮಾಡಿದ್ದು. ಅಟ್ಟದ ಮೇಲೆ ಡಬ್ಬಿಯಲ್ಲೇ ಇತ್ತು. ಆಯಾರ ಬಂದ ಕುಪ್ಪಸದ ಖಣ ಹತ್ತು ಮನೆ ತಿರುಗುತ್ತದೆ, ಕುಕ್ಕರ್ ಯಾಕೆ ತಿರುಗಬಾರದು ಎಂದುಕೊಂಡೆ. ಗೋಕಾಕಿನಲ್ಲಿ ಬಾಂಡೆಗೆ ಹೆಸರು ಹಾಕುವ ಮುತ್ತಪ್ಪನ ಹತ್ತಿರ ಒಯ್ದು ಅವಳ ಹೆಸರು ಉಜ್ಜಿಸಿ ನನ್ನದು ಕೊರೆಸಿದೆ. "ಅಕ್ಕಾರ, ಇದನ್ನ ಮದಲ ಒಮ್ಮೆ ಉಜ್ಜಿದಂಗ ಐತಲ್ರಿ" ಎಂದ. "ನಿನ್ನ ಕೆಲಸ ನೀ ಮಾಡಪಾ" ಎಂದೆ.

ಅದು ಒಡೆದು ನಿನ್ನ ಮುಖ ಸುಟ್ಟಾಗ, ನಾನು ಉಜ್ಜಿಸಿದ್ದರಿಂದಲೇ ತಗಡು ತೆಳುವಾಗಿ ಒಡೆಯಿತು ಎಂದೇ ತಿಳಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವಳು ನಾನು. ಅದಕ್ಕೇ ಕಂಪನಿಯವನು ಹೊಸ ಕುಕ್ಕರ್ ಹಿಡಿದುಕೊಂಡು, ಇನ್ನು ದೂರು ಹೇಳುವುದಿಲ್ಲ ಎಂಬ ಕಾಗದ ತಂದಾಗ, ಸಹಿ ಮಾಡು ಎಂದು ನಿನ್ನ ಬೆನ್ನು ಬಿದ್ದೆ. ಹಣೆಬರಹ ಎಂದೆ, ಮರ್ಯಾದಸ್ತರಿಗೆ ಕೋರ್ಟು ಕಚೇರಿ ಸಲ್ಲದು ಎಂದೆ. ನಿನ್ನ ಚಿಂತೆ ಅಲ್ಲ ಮಗಳೇ, ನನ್ನ ಚಿಂತೆ. "ನಾನ ತಪ್ಪ ಮಾಡೀನಿ ಅಂತ ನೀನೂ ತಿಳದೀ ಏನವ್ವಾ?" ಎಂದು ನೀನು ಕೇಳಿದೆ. ನಾನು ಅಕ್ಕಿ ಆರಿಸುತ್ತ ಕೂತೆ. ಆ ದಿನ ನೆನೆದರೆ ಈಗಲೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಉಜ್ಜಿದ್ದಕ್ಕೂ ಒಡೆದದ್ದಕ್ಕೂ ಸಂಬಂಧವಿಲ್ಲ ಎಂದು ವರದಿ ಹೇಳಿದೆ. ಅದೇ ಕಂಪನಿಯ ಅದೇ ಕುಕ್ಕರಿನ ಮೇಲೆ ಇನ್ನೂ ನಾಲ್ಕು ದೂರುಗಳಿವೆಯಂತೆ. ಹಿಂದೆ ಹೆಂಗಸರು ಸುಟ್ಟದ್ದನ್ನು ಮುಚ್ಚಿಕೊಂಡು ಸುಮ್ಮನಾಗುತ್ತಿದ್ದರು, ಈಗ ಒಡೆದದ್ದನ್ನು ಚೀಲದಲ್ಲಿ ಕಟ್ಟಿಕೊಂಡು ಆಯೋಗಕ್ಕೆ ಬರುತ್ತಾರೆ ಎಂದರು ನಂದಿನಿ. ಅದಕ್ಕೇ ಕಂಪನಿಗಳೂ ಜಾಣವಾಗಿವೆ, ಗಾಯ ಎಲ್ಲಿ ಎನ್ನುವ ಮೊದಲು ಬಿಲ್ ಎಲ್ಲಿ ಎನ್ನುತ್ತವೆ. ಕೊಂಡವರ ಒಪ್ಪಿಗೆಯಿಂದ ಬಳಸಿದವರಿಗೂ ಹಕ್ಕಿದೆ, ಆದರೆ ಯಾರೋ ಒಬ್ಬರು ಕೊಂಡದ್ದಕ್ಕೆ ದಾಖಲೆ ಬೇಕು. ಬಿಲ್ ಕಳೆದಿದೆ ಎಂದು ನಾನು ನಂದಿನಿಯವರಿಗೂ ಸುಳ್ಳು ಹೇಳಿದ್ದೆ. ಬಿಲ್ ಇಲ್ಲದಿದ್ದರೆ, ನೀನು ಕಾಯುತ್ತಿರುವ ಆ ಒಂದು ಮಾತು ಆಯೋಗದ ಬಾಯಿಂದ ಬರುವುದು ಅನುಮಾನ.

ಎಲ್ಲಕ್ಕಿಂತ ಕೆಳಗಿನ ಹೆಸರು ಯಾರದೋ, ಬಿಲ್ ಅವರ ಹತ್ತಿರವೇ ಇರಬೇಕು. ರಾಜೇಶ್ವರಿಗೆ ಗೊತ್ತಿರುತ್ತದೆ. ಕಂಪನಿಯ ವಕೀಲನೆದುರು ನಿಂತೇನು, "ನೀ ಕೊಟ್ಟದ್ದರ ಮೇಲಿನ ನಿನ್ನ ಹೆಸರು ಉಜ್ಜಿಸಿದೆ" ಎಂದು ಅವಳೆದುರು ನಿಲ್ಲುವುದು ಹೇಗೆ ಎಂಬುದೇ ತಿಳಿಯುತ್ತಿಲ್ಲ. ಆದರೂ ಭಾನುವಾರ ಮೂಡಲಗಿಗೆ ಹೋಗುತ್ತೇನೆ. ಗುರುವಾರದ ವಿಚಾರಣೆಯಲ್ಲಿ ಆಯೋಗದ ಮುಂದೆ ಎಲ್ಲವನ್ನೂ ಹೇಳುತ್ತೇನೆ, ನಿನ್ನ ಅತ್ತೆ ಕೇಳಿಸಿಕೊಂಡರೂ ಸರಿ.

ಶ್ರೀಶೈಲ ಅಳಿಯಂದಿರಿಗೆ ನನ್ನ ಶರಣು ಹೇಳು. ನಿನ್ನ ಪರವಾಗಿ ತಮ್ಮ ಅವ್ವನನ್ನೇ ಎದುರು ಹಾಕಿಕೊಂಡವರು ಅವರು, ನನಗಿಂತ ಮೇಲು.

ತನ್ನ ಹೆಸರು ಕಾಯಲು ಹೋಗಿ ಮಗಳನ್ನು ಬಿಟ್ಟುಕೊಟ್ಟಿದ್ದ
ನಿನ್ನ ಅವ್ವ
ಕಾಶೆವ್ವ

ತಾ.ಕ.: ಭಾನುವಾರ ಸಂಜೆ. ಈ ಪತ್ರವನ್ನು ನಾಳೆ ಹುಕ್ಕೇರಿ ಬಸ್ಸಿನ ಕಂಡಕ್ಟರ್ ಯಲ್ಲಾಲಿಂಗನ ಕೈಯಲ್ಲಿ ಕಳಿಸುತ್ತೇನೆ. ಮೂಡಲಗಿಗೆ ಹೋಗಿ ಬಂದೆ. ದಾರಿಯುದ್ದಕ್ಕೂ ಕಬ್ಬಿನ ಮೇಲೆ ಮಂಜು, ಬಸ್ಸು ನನ್ನ ಕನಸಿನೊಳಗೇ ಓಡುತ್ತಿದ್ದ ಹಾಗಿತ್ತು. ಎಲ್ಲ ಹೇಳಿದೆ. ರಾಜೇಶ್ವರಿ ಸೆರಗು ಬಾಯಿಗಿಟ್ಟು ನಕ್ಕಳು. "ವೈನಿ, ಉಜ್ಜಸಾಕ ನಿಮಗಷ್ಟ ಬರತೈತೇನ್ರಿ? ನಾನೂ ಉಜ್ಜಿಸೇನ್ರಿ. ಅದರ ಕೆಳಗ ಇದ್ದದ್ದು ನಿಮ್ಮದ ಹೆಸರು."

ಅವಳ ಮಗಳು ಕಾಜಲ್ ಮದುವೆಗೆ ನಾನೇ ಕೊಟ್ಟದ್ದಂತೆ. ಆ ಹುಡುಗಿಯ ಗಂಡನ ಮನೆಯಲ್ಲಿ ಆಗಲೇ ಎರಡಿದ್ದವು, ಇದು ತವರಿನಲ್ಲೇ ಉಳಿದು, ನಮ್ಮ ಒಕ್ಕಲಿಗೆ ನನ್ನ ಹತ್ತಿರವೇ ತಿರುಗಿ ಬಂತು. ಮನೆಗೆ ಬಂದು ಟ್ರಂಕು ತೆಗೆದೆ. ನನ್ನ ಧಾರೆಯ ಸೀರೆಯ ಕೆಳಗೆ ಬಿಲ್ ಇದೆ. ಸಂಕೇಶ್ವರದ ಅಂಗಡಿ, ೨೦೧೮, ನನ್ನ ಹೆಸರು.

ಆಗ ಆ ದಿನ ನೆನಪಾಯಿತು. ಅಂಗಡಿಯವನು ಸಿಟ್ಟಾಗುವವರೆಗೆ ನಾಲ್ಕು ಕುಕ್ಕರ್ ಬಿಚ್ಚಿಸಿ, ಮುಚ್ಚಳ ಹಾಕಿ ತೆಗೆದು, ಬಡಿದು ನೋಡಿ ಆರಿಸಿದ್ದೆ. ಕಾಜಲ್‌ಗಾಗಿ. ನಿನಗೆ ಅಟ್ಟದಿಂದ ಇಳಿಸಿ ಕೊಟ್ಟೆ. ಒಳಗಿನ ದೋಷ ಆರಿಸಿದರೂ ಕಾಣುತ್ತಿರಲಿಲ್ಲ, ಅದು ಕಂಪನಿಯ ತಪ್ಪು. ನಿನಗಾಗಿ ಆರಿಸದೇ ಹೋದದ್ದು ನನ್ನ ತಪ್ಪು. ಯಾರಾದರೂ ಬರೆದು ಕೊಡಿ ಎಂದಿದ್ದೆಯಲ್ಲ, ಆಯೋಗ ಬರೆಯುವ ಮೊದಲು ಅವ್ವ ಬರೆದು ಕೊಡುತ್ತಿದ್ದಾಳೆ: ತಪ್ಪು ನಿನ್ನದಲ್ಲ.