ತಂಗಿಯ ಗೇರ್‌ಬಾಕ್ಸ್, ನನ್ನ ಹೊಗೆ

ಮಾರ್ಚ್ ೧೪, ಶನಿವಾರ

ಹೊಟ್ಟೆಕಿಚ್ಚು ಅಂತಲೇ ಬರೀತೀನಿ, ಇಲ್ಲಿ ಯಾರಿಗೆ ಮುಚ್ಚಿಡೋದು. ಅಪ್ಪನ ಹಳೇ ಕಾರಿನ ಗೇರ್‌ಬಾಕ್ಸ್ ಜೋಡಿಸಿದ್ದು ತಂಗಿ, ಎಂಜಿನ್ ನಾನು. ಇವತ್ತು ಸ್ಟಾರ್ಟ್ ಮಾಡಿದೆವು. ಗೇರ್ ಬೆಣ್ಣೆಯಿಂದ ಕೂದಲು ಎಳೆದ ಹಾಗೆ ಬಿತ್ತು. ನನ್ನ ಎಂಜಿನ್ ಆಯಿಲ್ ಸುಟ್ಟು ನೀಲಿ ಹೊಗೆ ಕಾರಿತು. ಅಪ್ಪ ಅವಳ ಬೆನ್ನು ತಟ್ಟಿದರು, ನನ್ನ ಕಡೆ ತಿರುಗಿ ಬರೀ ಕೆಮ್ಮಿದರು.

ಅವಳೂ ಎರಡು ಸಲ ತಪ್ಪು ಜೋಡಿಸಿದ್ದಳು. ಪ್ರತಿ ಸಲ ನಗುತ್ತಾ ಅಪ್ಪನನ್ನ ಕರೆದು ತೋರಿಸಿದಳು, ಕಲಿತಳು. ನನಗೆ ಜೋಡಿಸುವಾಗಲೇ, ಆಯಿಲ್ ಮೇಲೆ ಬರದ ಹಾಗೆ ತಡೆಯೋ ಪಿಸ್ಟನ್ ರಿಂಗ್ ತಲೆಕೆಳಗಾಗಿ ಕೂತಿದೆ ಅಂತ ಅನುಮಾನ ಬಂದಿತ್ತು. ಆದರೂ ಬಾಯಿಬಿಡದೆ ಎಂಜಿನ್ ಮುಚ್ಚಿಬಿಟ್ಟಿದ್ದೆ.

"ಅಣ್ಣಾ, ನಾಳೆ ಬಿಚ್ಚೋಣ್ವಾ? ನಾನೂ ಬರ್ತೀನಿ" ಅಂದಳು.

"ಬೇಡ, ನಿನ್ನ ಕೆಲಸ ನೋಡ್ಕೋ" ಅಂದೆ.

ಅಷ್ಟು ಸಲೀಸಾಗಿ ತಪ್ಪೊಪ್ಪಿಕೊಳ್ಳೋ ಮನಸ್ಸು ಅವಳಿಗೊಬ್ಬಳಿಗೇ ಯಾಕೆ ಬಂತೋ. ಈಗ ಸ್ಪ್ಯಾನರ್ ಡಬ್ಬಿ ಅವಳ ಬಾಗಿಲ ಮುಂದೆ ಇಟ್ಟು ಬಂದಿದ್ದೀನಿ. ಬಾ ಅಂತ ಬಾಯಲ್ಲಿ ಹೇಳೋಕೆ ಮಾತ್ರ ಇನ್ನೂ...